ಪೇಟೆ: ಅಂಗಡಿ ಸಾಲಿನಿಂದ ಊರಿನವರೆಗೆ

ಕರಾವಳಿಯಲ್ಲೋ ಮಲೆನಾಡಿನಲ್ಲೋ ‘ಪೇಟೆಗೆ ಹೋಗಿ ಬರ್ತೇನೆ’ ಎಂದರೆ, ಆ ಪೇಟೆಯಲ್ಲಿ ಹತ್ತಿಪ್ಪತ್ತು ಅಂಗಡಿ ಇದ್ದರೂ ಸಾಕು. ‘ಅವಳು ಪೇಟೆಯಲ್ಲೇ ಬೆಳೆದವಳು’ ಎಂದಾಗ ಮನಸ್ಸಿಗೆ ಬರುವುದು ದೊಡ್ಡ ಊರು. ‘ಷೇರುಪೇಟೆ’ ಎಂದು ಪತ್ರಿಕೆಯಲ್ಲಿ ಓದುವಾಗಂತೂ ಊರೇ ಇಲ್ಲ, ಬರೀ ವ್ಯಾಪಾರ. ಒಂದೇ ಪದ, ಎಷ್ಟೊಂದು ಕೆಲಸ ಅಲ್ವಾ?

ನಮ್ಮ ಅಕ್ಕಪಕ್ಕದ ಭಾಷೆಗಳಲ್ಲೂ ಈ ಪದ ಇದೆ. ತಮಿಳಿನಲ್ಲಿ ಪೇಟ್ಟೈ, ತೆಲುಗಿನಲ್ಲಿ ಪೇಟ. ಕೊನೆಯ ಸ್ವರವನ್ನು ಗಮನಿಸಿ: ತಮಿಳಿನ ‘ಐ’ ಕನ್ನಡದಲ್ಲಿ ‘ಎ’, ತೆಲುಗಿನಲ್ಲಿ ‘ಅ’. ಇದು ಸುಮ್ನೆ ಆದದ್ದಲ್ಲ. ತಲೈ, ತಲೆ, ತಲ. ಕೋಟ್ಟೈ, ಕೋಟೆ, ಕೋಟ. ಬೆಲೆ ಎಂಬ ಪದವೂ ಹಾಗೆಯೇ: ವಿಲೈ, ಬೆಲೆ, ವೆಲ. ಭಾಷಾವಿಜ್ಞಾನಿಗಳು ಒಂದು ಭಾಷೆಗೂ ಇನ್ನೊಂದಕ್ಕೂ ನಂಟಿದೆ ಎಂದು ತೋರಿಸುವುದು ಇಂಥ ಕ್ರಮಬದ್ಧ ಹೊಂದಿಕೆಗಳಿಂದಲೇ. ಪದಗಳು ಒಂದೇ ಥರ ಕೇಳಿಸಿದರೆ ಸಾಲದು. ವ್ಯತ್ಯಾಸವೂ ಒಂದು ನಿಯಮಕ್ಕೆ ಬದ್ಧವಾಗಿರಬೇಕು. ನನಗೆ ಈ ವಿಜ್ಞಾನದಲ್ಲಿ ತುಂಬಾ ಇಷ್ಟವಾಗುವುದು ಇದೇ. ಮರಾಠಿಯಲ್ಲೂ ಈ ಪದ ‘ಪೇಠ್’ ಎಂಬ ರೂಪದಲ್ಲಿದೆ. ಪುಣೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಏಳು ವಾರಗಳ ಹೆಸರಿನಲ್ಲೂ ಒಂದೊಂದು ಪೇಠ್ ಇದೆ.

ಪೇಟೆಯ ಹಳೆಯ ಅರ್ಥ ತಿಳಿಯಲು ಬೆಂಗಳೂರಿಗೇ ಬರಬೇಕು. ಕೆಂಪೇಗೌಡರು ಕಟ್ಟಿಸಿದ ಊರಿನಲ್ಲಿ ದಕ್ಷಿಣಕ್ಕೆ ಕೋಟೆ, ಅದರ ಉತ್ತರಕ್ಕೆ ಪೇಟೆ. ಕೋಟೆ ಆಳುವವರದು, ಪೇಟೆ ದುಡಿಯುವವರದು, ಮಾರುವವರದು. ದೊಡ್ಡಪೇಟೆ ಮತ್ತು ಚಿಕ್ಕಪೇಟೆಯ ಬೀದಿಗಳು ಒಂದನ್ನೊಂದು ದಾಟುವ ಕಡೆಯಿಂದ ನಾಲ್ಕು ದಿಕ್ಕಿಗೂ ಕಸುಬುಗಳು ಹರಡಿದವು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಹೆಸರು ಕೇಳಿದರೆ ಸಾಕು, ಅಲ್ಲಿ ಏನು ಸಿಗುತ್ತಿತ್ತು, ಯಾರು ಬದುಕುತ್ತಿದ್ದರು ಎಂದು ಗೊತ್ತಾಗುತ್ತದೆ. ಬೇರೆ ಕಡೆ ಅಂಗಡಿ ಬೀದಿಯ ಈ ಹೆಸರು ಇಡೀ ಊರನ್ನೇ ಆವರಿಸಿತು: ಹೊಸಪೇಟೆ, ಗುಂಡ್ಲುಪೇಟೆ, ವಿರಾಜಪೇಟೆ.

1809ರಲ್ಲಿ ಬ್ರಿಟಿಷರು ಪೇಟೆಯ ಪೂರ್ವಕ್ಕೆ ಸೈನ್ಯದ ನೆಲೆ ಮಾಡಿದರು. ಜನ ಅದನ್ನು ದಂಡು ಎಂದರು. ದಂಡಿನ ಎದುರಿಗಿದ್ದ ಹಳೆಯ ಪೇಟೆಗೆ ಮೆಲ್ಲಗೆ ‘ಸಿಟಿ’ ಎಂಬ ಹೆಸರು ಬಿತ್ತು. 1949ರಲ್ಲಿ ಎರಡೂ ಒಂದೇ ನಗರಪಾಲಿಕೆಗೆ ಸೇರಿದವು, ಆದರೂ ಆ ಹೆಸರು ಹೋಗಲಿಲ್ಲ. ಕೋಟೆಗೂ ಪೇಟೆಗೂ ನಡುವೆ ಇರುವ ದೊಡ್ಡ ಮಾರುಕಟ್ಟೆಗೆ ಹೂವು ತರಲು ಹೋಗುವವರು ಇಂದಿಗೂ ‘ಸಿಟಿ ಮಾರ್ಕೆಟ್‌ಗೆ ಹೋಗ್ತಿದೀನಿ’ ಎನ್ನುತ್ತಾರೆ. ಅದರಲ್ಲಿರುವ ಎರಡು ಪದಗಳೂ ಪೇಟೆಯ ಎರಡು ಅರ್ಥಗಳೇ.