ಬೈಬಲ್ ಅನುವಾದ ಆಗಿ ಆಗಿ ಬದಲಾದ ಪುಸ್ತಕ ಅಲ್ವಾ? ಅದನ್ನು ನಂಬಿ ಹೇಗೆ ಬದುಕುತ್ತೀರಿ?

ಓದುಗರ ಪ್ರಶ್ನೆ: ‘ಬೈಬಲ್ ಒಂದು ಭಾಷೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಕೊನೆಗೆ ನಮ್ಮ ಕೈಗೆ ಬಂದ ಪುಸ್ತಕ. ಮೂಲ ಏನಿತ್ತೋ ಯಾರಿಗೂ ಗೊತ್ತಿಲ್ಲ. ಕ್ರೈಸ್ತರು ಅದನ್ನೇ ದಾರಿದೀಪ ಅಂತ ನಂಬುವುದು ಯಾಕೆ?’

ಈ ಪ್ರಶ್ನೆ ನನಗೆ ಹೊಸದಲ್ಲ. ಸಂಡೇ ಸ್ಕೂಲಿನ ಹುಡುಗರು ಕೇಳಿದ್ದಾರೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಪರಿಚಯದವರು ಕೇಳಿದ್ದಾರೆ. ಮದುವೆ ಊಟಕ್ಕೆ ಕೂತಾಗ ಪಕ್ಕದವರು ಕೇಳಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಪ್ರತಿ ಸಲವೂ ಪ್ರಶ್ನೆಯ ಮೊದಲ ಅರ್ಧವನ್ನು ಎಲ್ಲರೂ ಗೊತ್ತಿರುವ ಸತ್ಯದ ಹಾಗೆ ಹೇಳಿಬಿಡುತ್ತಾರೆ. ಅದು ಸತ್ಯ ಅಲ್ಲ. ಅದನ್ನು ಸರಿ ಮಾಡದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ಜನರ ಮನಸ್ಸಿನಲ್ಲಿ ಇರುವ ಚಿತ್ರ ಹೀಗೆ: ಹೀಬ್ರೂವಿನಿಂದ ಗ್ರೀಕ್, ಗ್ರೀಕ್‌ನಿಂದ ಲ್ಯಾಟಿನ್, ಲ್ಯಾಟಿನ್‌ನಿಂದ ಇಂಗ್ಲಿಷ್, ಇಂಗ್ಲಿಷಿನಿಂದ ಕನ್ನಡ, ಕನ್ನಡದಿಂದ ತುಳು. ಕೈಯಿಂದ ಕೈಗೆ ನೀರು ದಾಟಿಸಿದ ಹಾಗೆ. ಕೊನೆಯವನಿಗೆ ಉಳಿಯುವುದು ನಾಲ್ಕು ಹನಿ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಅನುವಾದದ ಕೆಲಸ ಹಾಗೆ ನಡೆಯುವುದಿಲ್ಲ. ಬೈಬಲ್‌ನ ಮೊದಲ ಭಾಗ, ಯೇಸುವಿಗೂ ಹಿಂದಿನ ಹಳೆಯ ಒಡಂಬಡಿಕೆ, ಬಹುಪಾಲು ಹೀಬ್ರೂವಿನಲ್ಲಿದೆ. ದಾನಿಯೇಲ, ಎಜ್ರ ಪುಸ್ತಕಗಳ ಕೆಲವು ಭಾಗಗಳು ಅರಾಮಿಕ್‌ನಲ್ಲಿವೆ. ಯೇಸು ಮತ್ತು ಅವನ ಶಿಷ್ಯರ ಬಗ್ಗೆ ಹೇಳುವ ಹೊಸ ಒಡಂಬಡಿಕೆ ಗ್ರೀಕ್‌ನಲ್ಲಿದೆ. ಆ ಭಾಷೆಗಳ ಪಠ್ಯ ಇಂದಿಗೂ ಇದೆ, ಅಚ್ಚಾಗಿದೆ, ಕಾಲೇಜುಗಳಲ್ಲಿ ಕಲಿಸುತ್ತಾರೆ. ಹೊಸ ಅನುವಾದ ಮಾಡುವವರು ಹಿಂದಿನ ಅನುವಾದದ ಬಾಲ ಹಿಡಿಯುವುದಿಲ್ಲ, ಮತ್ತೆ ಮೂಲಕ್ಕೇ ಹೋಗುತ್ತಾರೆ. ಲ್ಯಾಟಿನ್‌ನಿಂದ ಮಾಡಿದ ಅನುವಾದಗಳು ಒಂದು ಕಾಲದಲ್ಲಿ ಇದ್ದವು, ಇಲ್ಲ ಅನ್ನುವುದಿಲ್ಲ. ಇವತ್ತು ನಮ್ಮ ಕೈಲಿರುವ ಬೈಬಲ್‌ಗಳು ಬಂದ ದಾರಿ ಅದಲ್ಲ.

ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. ನಮ್ಮ ಮಂಗಳೂರೇ ಸಾಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದರು. ಅದಕ್ಕೂ ಮೊದಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಗುವಂತಾಗಿತ್ತು. ಸಾಕು ಅಂತ ಬಾಸೆಲ್ ಮಿಷನ್‌ನವರು ಕೂರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಮೊಗ್ಲಿಂಗ್ ನಿಮಗೆ ಗೊತ್ತು. ಅವರ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲ್ ಅನ್ನು ಪರಿಷ್ಕರಿಸುವ ಕೆಲಸಕ್ಕೆ ಕೂತರು. ಇಬ್ಬರೂ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ದೈವಶಾಸ್ತ್ರ ಓದಿದವರು. ಅಲ್ಲಿ ಗ್ರೀಕ್, ಹೀಬ್ರೂ ಬಾರದವನಿಗೆ ಆ ಓದು ಮುಗಿಯುತ್ತಿರಲಿಲ್ಲ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲಿ ಬಂತು, ಕನ್ನಡ ಲಿಪಿಯಲ್ಲೇ. ಅದನ್ನೂ ಹಾಗೇ ಬಿಡಲಿಲ್ಲ, ಮುಂದೆ ಮತ್ತೆ ತಿದ್ದಿದರು. ‘ಬೈಬಲ್ ಅನ್ನು ಪದೇ ಪದೇ ಬದಲಿಸಿದರು’ ಅಂತ ಜನ ಹೇಳುವುದು ಈ ತಿದ್ದುವ ಕೆಲಸವನ್ನೇ. ಮೂಲಕ್ಕೆ ಇನ್ನೂ ಹತ್ತಿರ ಆಗಲಿ ಅಂತ ತಿದ್ದಿದ್ದನ್ನು ಮೂಲ ಕೆಡಿಸಿದ್ದು ಅಂತ ಹೇಳಿದರೆ ಬೇಸರ ಆಗುವುದಿಲ್ವಾ?

‘ಸರಿ, ಆ ಮೂಲವೇ ಕೆಟ್ಟಿದ್ದರೆ? ಕೈಯಲ್ಲಿ ನಕಲು ಮಾಡಿದ್ದಲ್ವಾ?’ ಇದು ಮುಂದಿನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಇದಕ್ಕೆ ನಾನು ನನ್ನ ಸಂಡೇ ಸ್ಕೂಲ್ ಕ್ಲಾಸಿನ ಮಕ್ಕಳಿಗೆ ಒಂದು ಪ್ರಯೋಗ ಮಾಡಿಸುತ್ತೇನೆ.

ಬೋರ್ಡಿನ ಮೇಲೆ ಒಂದು ವಾಕ್ಯ ಬರೆಯುತ್ತೇನೆ: ‘ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ.’ ಹಳೆಯ ಒಡಂಬಡಿಕೆಯ ಯಾಜಕಕಾಂಡ ಎಂಬ ಪುಸ್ತಕದ 19ನೇ ಅಧ್ಯಾಯದ ಮಾತು, ನಾನು ಸ್ವಲ್ಪ ಸುಲಭ ಮಾಡಿ ಬರೆದದ್ದು. ಹದಿನಾಲ್ಕು ಮಕ್ಕಳು ಬೇಗ ಬೇಗ ನಕಲು ಮಾಡಬೇಕು. ಆಮೇಲೆ ಬೋರ್ಡು ಒರೆಸಿಬಿಡುತ್ತೇನೆ. ಮೂಲ ಹೋಯಿತು. ಈಗ ಪುಸ್ತಕಗಳನ್ನು ಒಟ್ಟಿಗೆ ಇಡಿ ಅನ್ನುತ್ತೇನೆ. ಕಳೆದ ಸಲ ಒಬ್ಬ ‘ಕೂಲಿಯವನ ಕೋಳಿಯನ್ನು’ ಅಂತ ಬರೆದಿದ್ದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಒಬ್ಬಳು ‘ತನಕ’ ಬಿಟ್ಟಿದ್ದಳು. ಇಬ್ಬರು ‘ಬೆಳಗ್ಗಿನ’ ಅಂತ ಒತ್ತು ಹಾಕಿದ್ದರು. ಒಟ್ಟು ಏಳು ತಪ್ಪು. ಬೋರ್ಡಿನಲ್ಲಿ ಏನಿತ್ತು ಅಂತ ಹೇಳಲು ಮಕ್ಕಳಿಗೆ ಎರಡು ನಿಮಿಷ ಸಾಕಾಯಿತು. ಯಾಕೆಂದರೆ ಎಲ್ಲರೂ ಒಂದೇ ಜಾಗದಲ್ಲಿ ತಪ್ಪು ಮಾಡಿರಲಿಲ್ಲ. ಕೋಳಿ ಬರೆದವನು ಒಬ್ಬನೇ, ಉಳಿದ ಹದಿಮೂರು ಪುಸ್ತಕಗಳು ಅವನನ್ನು ತಿದ್ದುತ್ತವೆ.

ಕಿವಿಯಿಂದ ಕಿವಿಗೆ ಪಿಸುಗುಟ್ಟುವ ಆಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಪಿಸುಮಾತಿಗೆ ಒಂದೇ ದಾರಿ. ಬರೆದ ನಕಲಿಗೆ ನೂರು ದಾರಿ. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳು, ತುಂಡುಗಳೂ ಸೇರಿ, 5,000ಕ್ಕಿಂತ ಜಾಸ್ತಿ ಇವೆ. ಅವುಗಳಲ್ಲಿ ವ್ಯತ್ಯಾಸ ಇಲ್ವಾ? ಬೇಕಾದಷ್ಟಿವೆ. ಬಹುಪಾಲು ನಮ್ಮ ‘ಬೆಳಗಿನ, ಬೆಳಗ್ಗಿನ’ ಥರದವು. ಹೆಚ್ಚು ಪ್ರತಿಗಳಿದ್ದಷ್ಟೂ ವ್ಯತ್ಯಾಸ ಹೆಚ್ಚು ಕಾಣುತ್ತದೆ. ಅದೇ ಕಾರಣಕ್ಕೆ ತಪ್ಪು ಹಿಡಿಯುವುದೂ ಸುಲಭ.

ಹಳೆಯ ಒಡಂಬಡಿಕೆಯ ವಿಷಯದಲ್ಲಿ ಇನ್ನೂ ದೊಡ್ಡ ಪರೀಕ್ಷೆ ನಡೆದುಹೋಗಿದೆ. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನ್‌ನ ಗುಹೆಯಲ್ಲಿ ಕುರಿ ಕಾಯುವವರಿಗೆ ಚರ್ಮದ ಸುರುಳಿಗಳು ಸಿಕ್ಕಿದವು. ಅದರಲ್ಲಿ ಪ್ರವಾದಿ ಯೆಶಾಯನ ಪುಸ್ತಕ ಇಡೀ ಇತ್ತು. ಉದ್ದ ಏಳು ಮೀಟರಿಗಿಂತ ಜಾಸ್ತಿ. ಬರೆದದ್ದು ಯೇಸು ಹುಟ್ಟುವುದಕ್ಕೂ ನೂರು ವರ್ಷಕ್ಕಿಂತ ಹಿಂದೆ. ಅಲ್ಲಿಯವರೆಗೆ ಪಂಡಿತರ ಕೈಯಲ್ಲಿದ್ದ ಹೀಬ್ರೂ ಪ್ರತಿಗಳು ಅದಕ್ಕಿಂತ ಸುಮಾರು ಸಾವಿರ ವರ್ಷ ಈಚಿನವು. ಸಾವಿರ ವರ್ಷ ಕೈಯಿಂದ ಕೈಗೆ ನಕಲಾದ ಪುಸ್ತಕ ಎಷ್ಟು ಕೆಟ್ಟಿರಬೇಕು? ಎರಡನ್ನೂ ಪಕ್ಕದಲ್ಲಿಟ್ಟು ಓದಿದರು. ಅದೇ ಯೆಶಾಯ. ಕಾಗುಣಿತ ಬೇರೆ, ಅಲ್ಲೊಂದು ಇಲ್ಲೊಂದು ಪದ ಬೇರೆ. 53ನೇ ಅಧ್ಯಾಯದಲ್ಲಿ ‘ಬೆಳಕು’ ಎಂಬ ಒಂದು ಪದ ಸುರುಳಿಯಲ್ಲಿದೆ, ಈಚಿನ ಹೀಬ್ರೂ ಪ್ರತಿಗಳಲ್ಲಿ ಬಿಟ್ಟುಹೋಗಿದೆ. ಇಂಥದ್ದನ್ನು ಯಾರೂ ಮುಚ್ಚಿಟ್ಟಿಲ್ಲ. ಹೊಸ ಅನುವಾದಗಳ ಅಡಿಟಿಪ್ಪಣಿಯಲ್ಲಿ ಇದೆ, ನೋಡಬಹುದು.

ಅಡಿಟಿಪ್ಪಣಿ ಅಂದಾಗ ಇನ್ನೊಂದು ಮಾತು. ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಸುವಾರ್ತೆ ಅನ್ನುತ್ತೇವೆ. ಅವುಗಳಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ತುಂಬ ಹಳೆಯ ಪ್ರತಿಗಳಲ್ಲಿ ಇಲ್ಲ. ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕತೆಯೂ ಹಾಗೆ. ಹಲವು ಬೈಬಲ್‌ಗಳಲ್ಲಿ ಆ ಭಾಗಕ್ಕೆ ಕಂಸ ಹಾಕಿರುತ್ತಾರೆ. ನನ್ನ ಕ್ಲಾಸಿನ ಮಕ್ಕಳಿಗೆ ಆ ಪುಟವನ್ನು ನಾನೇ ತೆರೆದು ತೋರಿಸುತ್ತೇನೆ. ಹೊರಗೆ ಯಾರೋ ‘ನಿಮ್ಮ ಪುಸ್ತಕದಲ್ಲಿ ಇದು ಇಲ್ಲವಂತೆ’ ಅಂದಾಗ ಅವರು ಕಂಗಾಲಾಗಬಾರದು.

‘ಯಾವ ಪುಸ್ತಕ ಇರಬೇಕು ಅಂತ 325ರಲ್ಲಿ ರೋಮಿನ ಚಕ್ರವರ್ತಿ ಕಾನ್ಸ್ಟಂಟೈನ್ ನೈಸಿಯಾದಲ್ಲಿ ಬಿಷಪರ ಸಭೆ ಕರೆದು ತೀರ್ಮಾನಿಸಿದ’ ಅನ್ನುವವರೂ ಇದ್ದಾರೆ. ಆ ಸಭೆ ಸೇರಿದ್ದು ಮುಖ್ಯವಾಗಿ, ಯೇಸು ತಂದೆಯಾದ ದೇವರಿಗೆ ಸಮನಲ್ಲ ಅಂದ ಅರಿಯಸ್ ಎಂಬವನ ಬೋಧನೆಯ ಜಗಳಕ್ಕೆ. ಅದು ಮಾಡಿದ ಇಪ್ಪತ್ತು ನಿಯಮಗಳು ಉಳಿದಿವೆ, ಬೈಬಲ್ ಪುಸ್ತಕಗಳ ಪಟ್ಟಿ ಅವುಗಳಲ್ಲಿ ಇಲ್ಲ. ಇದಕ್ಕಿಂತ ಹೆಚ್ಚು ಆ ಮಾತಿಗೆ ಸಮಯ ಕೊಡುವುದು ಬೇಡ.

ಈಗ ಪ್ರಶ್ನೆಯ ಎರಡನೇ ಅರ್ಧ. ಪಠ್ಯ ಸರಿಯಾಗಿ ಉಳಿದಿದೆ ಅಂದ ಮಾತ್ರಕ್ಕೆ ಅದನ್ನು ನಂಬಿ ಬದುಕಬೇಕು ಅಂತೇನೂ ಇಲ್ಲ. ಹಳೆಯ ಶಾಸನವೂ ಸರಿಯಾಗಿ ಉಳಿದಿರುತ್ತದೆ, ಅದರ ಪ್ರಕಾರ ಯಾರೂ ಸಂಸಾರ ನಡೆಸುವುದಿಲ್ಲ. ಕ್ರೈಸ್ತರು ನಂಬುವುದಕ್ಕೆ ಮೊದಲ ಕಾರಣ ಯೇಸು. ದೇವರು ಹೇಗಿದ್ದಾನೆ ಅಂತ ಯೇಸುವಿನಲ್ಲಿ ಕಂಡೆವು ಅನ್ನುವುದು ನಮ್ಮ ನಂಬಿಕೆ. ಆ ಯೇಸು ಹಳೆಯ ಒಡಂಬಡಿಕೆಯನ್ನು ತನ್ನ ತಂದೆಯ ಮಾತು ಅಂತ ಓದಿದ, ಹಸಿದಾಗ, ಸಾಯುವಾಗ ಅದರ ಮಾತನ್ನೇ ಹೇಳಿದ. ಅವನನ್ನು ಕಂಡವರ ಸಾಕ್ಷಿ ಹೊಸ ಒಡಂಬಡಿಕೆಯಲ್ಲಿದೆ. ಅವನನ್ನು ನಂಬಿದವರು ಪುಸ್ತಕವನ್ನೂ ನಂಬುತ್ತಾರೆ.

ಇನ್ನೊಂದು ಕಾರಣ ನನಗೆ ವೈಯಕ್ತಿಕವಾಗಿ ದೊಡ್ಡದು. ಈ ಪುಸ್ತಕ ತನ್ನವರ ತಪ್ಪನ್ನು ಮುಚ್ಚುವುದಿಲ್ಲ. ದಾವೀದ ಅದರ ಅತಿ ಪ್ರೀತಿಯ ರಾಜ. ಅವನೇ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತಂದುಕೊಂಡು, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ. ಅದನ್ನು ಬರೆದಿಟ್ಟಿದ್ದಾರೆ. ಯೇಸುವಿನ ಶಿಷ್ಯ ಪೇತ್ರ ಕೋಳಿ ಕೂಗುವ ಮೊದಲು ಮೂರು ಸಲ ಯೇಸುವಿನ ಬಗ್ಗೆ ‘ಆತನನ್ನು ಅರಿಯೆ’ ಅಂದ. ನಾಲ್ಕು ಸುವಾರ್ತೆಗಳೂ ಅದನ್ನು ಹೇಳುತ್ತವೆ. ಹೀಗೆ ಮಾತಾಡುವ ಪುಸ್ತಕ ನನ್ನ ತಪ್ಪಿನ ಬಗ್ಗೆ ಹೇಳಿದಾಗ ನಾನು ಕೇಳುತ್ತೇನೆ.

ಮತ್ತೆ, ನಡೆದು ನೋಡಿದ ಅನುಭವ. ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಮುಲ್ಕಿ ಕಡೆ. ತೆಂಗಿನಕಾಯಿ ಕೊಯ್ದ ದಿನ ಅಪ್ಪನಿಗೆ ಬರಬೇಕಾದ ದುಡ್ಡು ಬರಲಿಲ್ಲ. ಮರ ಹತ್ತಿದವರು ‘ನಾಳೆ ಕೊಡಿ, ಅಡ್ಡಿಲ್ಲ’ ಅಂದು ಹೊರಟರು. ಅಪ್ಪ ಅಂಗಡಿಯವರ ಹತ್ತಿರ ಸಾಲ ತಂದರು. ಕತ್ತಲಾಗಿತ್ತು. ತೆಂಗಿನ ಗರಿಯ ಸೂಟೆ ಹೊತ್ತಿಸಿಕೊಂಡು, ಗದ್ದೆಯ ಅಂಚಿನಲ್ಲಿ ನಡೆದು ಅವರ ಮನೆಗೆ ಹೋಗಿ ಕೊಟ್ಟು ಬಂದರು. ನಾನೂ ಹಿಂದೆ ಹೋಗಿದ್ದೆ. ಅವರ ಮನೆಯ ಒಲೆಗೆ ಆಗಷ್ಟೇ ಎಸರು ಇಟ್ಟಿದ್ದರು, ಅಕ್ಕಿ ಹಾಕಿರಲಿಲ್ಲ. ಬರುವಾಗ ಅಪ್ಪ ಒಂದೇ ಮಾತು ಹೇಳಿದರು, ‘ಅವರ ಕೂಲಿ ನಮ್ಮ ಮನೆಯಲ್ಲಿ ಮಲಗಬಾರದು.’ ಯಾಜಕಕಾಂಡವನ್ನು ಜನ ಬಲಿ, ಶುದ್ಧಿ, ನಿಯಮಗಳ ಒಣ ಪುಸ್ತಕ ಅನ್ನುತ್ತಾರೆ. ನನಗೆ ಆ ಪುಸ್ತಕ ಅಂದರೆ ಆ ಎಸರು. ನಾನು ಬೋರ್ಡಿನ ಮೇಲೆ ಆ ವಾಕ್ಯವನ್ನೇ ಬರೆಯುವುದು ಸುಮ್ನೆ ಅಲ್ಲ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಬೈಬಲ್ ದಾರಿ ತೋರಿಸುತ್ತದೆ ಅಂದರೆ ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಡುವುದಾ? ಅಲ್ಲ. ಇದು ಹೊರಗಿನವರ ತಪ್ಪಲ್ಲ, ನಮ್ಮವರದೇ. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಚೀಟಿ ಎತ್ತುತ್ತೇವಲ್ಲ, ಅದರಲ್ಲಿ ಎಲ್ಲರಿಗೂ ಬೇಕಾದ ವಚನ ಒಂದಿದೆ. ಯೆರೆಮೀಯ 29:11. ದೇವರ ಯೋಜನೆ ಕೇಡಿನದಲ್ಲ, ಹಿತದ್ದು, ನಿಮಗೆ ಒಳ್ಳೆಯ ಮುಂದಿನ ದಿನ ಇದೆ ಅನ್ನುವ ಮಾತು. ಅದು ಸಿಕ್ಕರೆ ಪಿಯುಸಿ ರಿಸಲ್ಟ್ ಒಳ್ಳೆಯದು, ಗಲ್ಫ್ ವೀಸಾ ಗ್ಯಾರಂಟಿ ಅಂತ ಲೆಕ್ಕ.

ಒಂದು ವರ್ಷ ನನ್ನ ಕ್ಲಾಸಿನ ಹುಡುಗಿಗೆ ಆ ಚೀಟಿ ಬಂತು. ನರ್ಸಿಂಗ್ ಸೀಟಿಗೆ ಕಾಯುತ್ತಿದ್ದಳು. ಖುಷಿಯಿಂದ ತೋರಿಸಲು ಬಂದಳು. ಅಧ್ಯಾಯ ಇಡೀ ಓದೋಣ ಅಂದೆ. ಅದು ಒಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಬೇಗ ವಾಪಸ್ ಬರುತ್ತೀರಿ ಅನ್ನುವವರ ಮಾತು ನಂಬಬೇಡಿ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳ್ಳೆಯದಕ್ಕೆ ಪ್ರಾರ್ಥಿಸಿ ಅನ್ನುತ್ತದೆ. ಹತ್ತನೇ ವಚನದಲ್ಲಿ ಎಪ್ಪತ್ತು ವರ್ಷ ಅಂತ ಇದೆ. ಅವಳು ಅಲ್ಲಿ ನಿಂತಳು.

‘ಟೀಚರ್, ಎಪ್ಪತ್ತು ವರ್ಷ ಅಂದರೆ ಪತ್ರ ಓದಿದವರು ಜಾಸ್ತಿ ಜನ ಅಲ್ಲೇ ಸತ್ತರಲ್ವಾ?’

‘ಹೌದು,’ ಅಂದೆ.

ಸ್ವಲ್ಪ ಹೊತ್ತು ಅವಳು ಏನೂ ಮಾತಾಡಲಿಲ್ಲ. ಆ ವರ್ಷ ಸೀಟು ಸಿಗಲಿಲ್ಲ, ಮರುವರ್ಷ ಸಿಕ್ಕಿತು. ಈಗ ಕುವೈತ್‌ನಲ್ಲಿ ಕೆಲಸ. ಕಳೆದ ಸಲ ರಜೆಯಲ್ಲಿ ಬಂದಾಗ ಅವಳ ಬೈಬಲ್ ನೋಡಿದೆ. ಚೀಟಿ ಅದೇ ಪುಟದಲ್ಲಿದೆ. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾಳೆ: ‘10ನೇ ವಚನದಿಂದ ಓದು.’