ಎಂಡೋ ಊರಿನ ಮಕ್ಕಳು ಈಗ ಮಕ್ಕಳಲ್ಲ

2000ನೇ ಇಸವಿಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆಯಲ್ಲಿ ಹುಟ್ಟಿದ ಮಗುವಿಗೆ ಈಗ 25 ದಾಟಿದೆ. 1980ರಲ್ಲಿ ಹುಟ್ಟಿದವರಿಗೆ 45 ದಾಟಿದೆ. ಆದರೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವುದು ಪೇಪರಿನಲ್ಲಿ ನೋಡಿದ ಪುಟ್ಟ ಮಕ್ಕಳ ಫೋಟೋ. ಕಾಸರಗೋಡಿನ ಈ ದುರಂತವನ್ನು ಕೀಟನಾಶಕದ ಕಥೆಯಾಗಿ, ಕೋರ್ಟಿನ ಕಥೆಯಾಗಿ, ಪರಿಹಾರದ ಹಣದ ಕಥೆಯಾಗಿ ಬೇಕಾದಷ್ಟು ಸಲ ಹೇಳಿದ್ದಾಗಿದೆ. ಬೆಳವಣಿಗೆಯ ಕಥೆಯಾಗಿ ನೋಡಿದ್ದು ಕಡಿಮೆ. ಹಾಗೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಈ ಮಕ್ಕಳು ಒಂದೊಂದು ವಯಸ್ಸು ದಾಟಿದ ಮೇಲೆಯೇ ಆ ವಯಸ್ಸಿಗೆ ಬೇಕಿದ್ದ ನೆರವು ಬಂದಿದೆ.

ಮೊದಲು ಊರಿನ ರಚನೆ ಗೊತ್ತಿರಬೇಕು. ಗೇರು ತೋಟ ಇರುವುದು ಗುಡ್ಡದ ಮೇಲೆ. ಮನೆ, ಅಡಿಕೆ ತೋಟ, ನೀರು ಹರಿಯುವ ತೋಡು ಎಲ್ಲ ಕೆಳಗೆ. ಕುಡಿಯುವ ನೀರು ಹೆಚ್ಚಿನವರಿಗೆ ಸಿಗುವುದು ಅದೇ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ. ಆ ನೀರು ಬಂದು ನಿಲ್ಲುವುದು ತೆರೆದ ಟ್ಯಾಂಕಿನಲ್ಲಿ. ಗೇರಿನ ಚಿಗುರು, ಹೂವು ಹಾಳು ಮಾಡುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಸರಕಾರಿ ಒಡೆತನದ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ತನ್ನ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟಿತು. 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷ ವರ್ಷವೂ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ 11 ಪಂಚಾಯತಿಗಳು ಇದರಡಿ ಬಂದವು. ಗುಡ್ಡದ ಮೇಲೆ ಬಿದ್ದದ್ದು ಮಳೆಗೆ ಎಲ್ಲಿಗೆ ಇಳಿಯುತ್ತದೆ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಮೊದಲು ಗಮನಕ್ಕೆ ಬಂದದ್ದು ಮಕ್ಕಳಲ್ಲ, ಕರುಗಳು. ಸೊಟ್ಟ ಕಾಲಿನ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಅದೇ ದಶಕದಲ್ಲಿ ಊರಿನಲ್ಲಿ ಕ್ಲಿನಿಕ್ ಶುರು ಮಾಡಿದವರು. ಅಪಸ್ಮಾರ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳು ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಯಾಕೆ ಎಂದು ಅವರು ಕೇಳತೊಡಗಿದರು. ಊರಲ್ಲೇ ಇದ್ದು, ತಾಯಂದಿರ ಮಾತು ಕೇಳಿಸಿಕೊಳ್ಳುವ ವೈದ್ಯರಿಗೆ ಮಾತ್ರ ಹುಟ್ಟುವ ಪ್ರಶ್ನೆ ಅದು.

ಯಾಕೆ ಮಕ್ಕಳೇ? ಉತ್ತರ ಇರುವುದು ನಾವು ಬೆಳೆಯುವ ರೀತಿಯಲ್ಲಿ. ಗರ್ಭ ನಿಂತು ಸುಮಾರು 28 ದಿನಕ್ಕೆ, ಎಷ್ಟೋ ಸಲ ತಾಯಿಗೆ ಬಸುರಿ ಅಂತ ಗೊತ್ತಾಗುವ ಮೊದಲೇ, ಮಗುವಿನ ಮಿದುಳು ಮತ್ತು ಬೆನ್ನುಹುರಿ ಆಗುವ ಕೊಳವೆ ಮುಚ್ಚಿಕೊಂಡಿರುತ್ತದೆ. ಹುಟ್ಟುವಾಗ ಮಿದುಳಿನ ತೂಕ ದೊಡ್ಡವರದ್ದರ ಕಾಲು ಭಾಗ. ಎರಡು ವರ್ಷ ತುಂಬುವಾಗ ಮುಕ್ಕಾಲು ಭಾಗ ಬೆಳೆದಾಗಿರುತ್ತದೆ. ಅಷ್ಟು ವೇಗದ ಬೆಳವಣಿಗೆ ಆಮೇಲೆ ಬದುಕಿನಲ್ಲಿ ಯಾವತ್ತೂ ಇಲ್ಲ. ಆ ಹೊತ್ತಿಗೆ ಮಗು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆಯುತ್ತದೆ, ಜಾಸ್ತಿ ನೀರು, ಹಾಲು ಕುಡಿಯುತ್ತದೆ. ಎಂಡೋಸಲ್ಫಾನ್ ನರಗಳ ಮೇಲೆ ಕೆಲಸ ಮಾಡುವ ವಿಷ. ಮಿದುಳಿನ ನರಕೋಶಗಳನ್ನು ಶಾಂತವಾಗಿಡುವ ಗಾಬಾ ಎಂಬ ವ್ಯವಸ್ಥೆಯನ್ನು ಅದು ತಡೆಯುತ್ತದೆ. ಕೀಟ ಸಾಯುವುದು ಹೀಗೆ. ಮನುಷ್ಯರಿಗೆ ಜಾಸ್ತಿ ಪ್ರಮಾಣದಲ್ಲಿ ಹೊಕ್ಕರೆ ಫಿಟ್ಸ್ ಬರುವುದೂ ಹೀಗೆಯೇ. ಕೊಬ್ಬಿನಲ್ಲಿ ಕರಗುವುದರಿಂದ ತಾಯಿಯ ಹಾಲಿಗೂ ಸೇರುತ್ತದೆ.

ಇಂಥ ತೊಂದರೆಗಳಿಗೆ ಬೇರೆ ಕಾರಣಗಳೂ ಇರುತ್ತವೆ. ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟಬಹುದು, ವಂಶದಲ್ಲೇ ಬಂದಿರಬಹುದು. ಎಂಡೋಸಲ್ಫಾನೇ ಕಾರಣ ಎಂಬುದನ್ನು ಒಪ್ಪದ ವಿಜ್ಞಾನಿಗಳು ಇದ್ದಾರೆ. ಒಂದೊಂದು ಮಗುವಿನ ವಿಷಯದಲ್ಲೂ ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವುದು ಕಷ್ಟ, ಹೌದು. ಆದರೆ ಸಂಶಯ ಬಂದಾಗ ಮೊದಲು ನಿಲ್ಲಬೇಕಾದದ್ದು ಹೆಲಿಕಾಪ್ಟರ್. ಅದು ನಿಲ್ಲಲಿಲ್ಲ. 1998ರಲ್ಲಿ ಪೆರಿಯದ ಕೃಷಿ ಇಲಾಖೆ ನೌಕರೆ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಬೇಕಾಯಿತು.

ಈ ವರ್ಷಗಳಲ್ಲಿ ಮನೆಗಳ ಒಳಗೆ ನಡೆದದ್ದೇ ಬೇರೆ. ಮಗುವಿಗೆ ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲಬೇಕು. ಆಮೇಲೆ ಕವುಚಿ ಬೀಳಬೇಕು, ಕೂರಬೇಕು, ಅಂಬೆಗಾಲಿಡಬೇಕು. ವರ್ಷ ಕಳೆಯುವಾಗ ಹೆಜ್ಜೆ, ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಮಾತು. ಪುಸ್ತಕ ಓದದ ಅಜ್ಜಿಯರಿಗೂ ಈ ಲೆಕ್ಕ ಬಾಯಿಪಾಠ. ಲೆಕ್ಕ ತಪ್ಪಿದಾಗ "ಕೆಲವು ಮಕ್ಕಳು ನಿಧಾನ, ಸರಿಹೋಗ್ತದೆ" ಅನ್ನುವ ಸಮಾಧಾನವೂ ಅವರದ್ದೇ. ಒಂದೊಂದು ಸಲ ಅದು ನಿಜವೂ ಆಗುತ್ತದೆ. ಆದರೆ ಕುತ್ತಿಗೆ ನಿಲ್ಲದ ಮಗುವಿಗೆ ಫಿಸಿಯೋಥೆರಪಿ, ಮಾತು ಬಾರದ ಮಗುವಿಗೆ ಸ್ಪೀಚ್ ಥೆರಪಿ ಅತಿ ಹೆಚ್ಚು ಕೆಲಸ ಮಾಡುವುದು ಮೊದಲ ಮೂರು ವರ್ಷಗಳಲ್ಲಿ, ಮಿದುಳು ಹೊಸ ದಾರಿ ಹುಡುಕಿಕೊಳ್ಳಬಲ್ಲ ಕಾಲದಲ್ಲಿ. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳಿಂದ ಅದಕ್ಕಾಗಿ ಮಂಗಳೂರಿಗೆ ಬಸ್ಸು ಹತ್ತಬೇಕಿತ್ತು. ಸೊಂಟದ ಮೇಲೆ ಮಗು, ಅವತ್ತಿನ ಕೂಲಿ ಖೋತಾ. ಎಷ್ಟು ಜನ, ಎಷ್ಟು ಸಲ ಹೋಗಿಯಾರು?

ಮುಂದಿನ ಹಂತ ಹದಿಹರೆಯ. ಇಲ್ಲಿ ನಮಗೆ ಗಟ್ಟಿಯಾದ ಒಂದು ಅಧ್ಯಯನ ಇದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಗೇರು ಗುಡ್ಡದ ಬುಡದ ಊರಿನಲ್ಲಿ 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನು ಪರೀಕ್ಷಿಸಿತು. ಅಳತೆಗೆ ಬಳಸಿದ್ದು ಬ್ರಿಟನ್ನಿನ ವೈದ್ಯ ಜೇಮ್ಸ್ ಟ್ಯಾನರ್ ಗುರುತಿಸಿದ ಐದು ಹಂತಗಳ ಪಟ್ಟಿ. ಹುಡುಗ ಗಂಡಸಾಗುವಾಗ ದೇಹ ಯಾವ ಕ್ರಮದಲ್ಲಿ ಬದಲಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗುಡ್ಡದ ಬುಡದ ಹುಡುಗರಲ್ಲಿ ವಯಸ್ಸಿಗೆ ತಕ್ಕ ಬದಲಾವಣೆ ಹಿಂದೆ ಬಿದ್ದಿತ್ತು. ಟೆಸ್ಟೋಸ್ಟೆರೋನ್ ಹಾರ್ಮೋನೂ ಕಡಿಮೆ ಇತ್ತು. ಅವರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿಗೆ 7.47 ಪಾಲು, ಇನ್ನೊಂದು ಊರಿನವರಲ್ಲಿ 1.37. ಪರೀಕ್ಷೆಗೆ ಸಿಕ್ಕವರ ಸಂಖ್ಯೆ ಸಣ್ಣದು ಎಂದು ತಂಡವೇ ಬರೆದಿದೆ. ನನಗೆ ಮುಖ್ಯ ಅನಿಸುವುದು ಬೇರೆ. ಈ ಹುಡುಗರು ಶಾಲೆಗೆ ಹೋಗುತ್ತಿದ್ದವರು, ಆಡುತ್ತಿದ್ದವರು. ಹಾಸಿಗೆ ಹಿಡಿದವರನ್ನು ಮಾತ್ರ ಎಣಿಸಿದ್ದರೆ ಇವರು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಆಮೇಲಿನದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. 2011ರ ಏಪ್ರಿಲಿನಲ್ಲಿ, ಅಪಾಯದ ರಾಸಾಯನಿಕಗಳನ್ನು ಜಗತ್ತಿನಲ್ಲೇ ನಿಲ್ಲಿಸಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. 2017ರ ಜನವರಿಯಲ್ಲಿ ಅದೇ ಕೋರ್ಟ್, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದಿತು. 2022ರಲ್ಲಿ ನೋಡಿದರೆ 3,704 ಜನರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ, ಅದೂ ಕೋರ್ಟಿಗೆ ಹೋದವರಿಗೆ. ಕೋರ್ಟ್ ಗದರಿದ ಮೇಲೆ ಉಳಿದವರಿಗೆ ಹಂಚಿಕೆ ಶುರುವಾಯಿತು. ಆ ಐದು ವರ್ಷದಲ್ಲಿ 13 ವರ್ಷದ ಹುಡುಗಿ 18ರ ಯುವತಿಯಾದಳು.

ಈ 18 ಎಂಬುದು ದೊಡ್ಡ ಗಡಿ. ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗಾಗಿ ಪಂಚಾಯತಿಗಳು ಕೇರಳದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀ ಜತೆ ನಡೆಸುವ ಬಡ್ಸ್ ಶಾಲೆ ಇರುವುದು 18ರವರೆಗೆ. ಅದಾದ ಮೇಲೆ ಬೇರೆ ಪುನರ್ವಸತಿ ಕೇಂದ್ರಕ್ಕೆ ಹೋಗಬೇಕು, ಹತ್ತಿರ ಇದ್ದರೆ. ಕಾನೂನಿನ ಪ್ರಕಾರ 18 ತುಂಬಿದ ಮಗನ ಪರವಾಗಿ ಸಹಿ ಹಾಕುವ ಹಕ್ಕು ಅಪ್ಪ ಅಮ್ಮನಿಗೂ ತಾನಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕರಾಗಿ ನೇಮಕ ಆಗಬೇಕು. ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗೆ ಇದು ಅನ್ವಯಿಸುತ್ತದೆ. ತಾವು ತೀರಿಹೋದ ಮೇಲೆ ಯಾರು ಪೋಷಕರು ಎಂಬುದಕ್ಕೂ ದಾರಿ ಇದೇ. ಮನೆಯಲ್ಲಿ ಇಂಥವರಿದ್ದರೆ ಈ ಅರ್ಜಿಯನ್ನು ಮುಂದೂಡಬೇಡಿ.

ಇನ್ನು ದೇಹ. ನಡೆಯಲು ಬಾರದಿದ್ದರೂ, ಮಾತು ಬಾರದಿದ್ದರೂ, ದೇಹ ದೊಡ್ಡದಾಗುತ್ತದೆ. ಹುಡುಗಿಗೆ ಮುಟ್ಟು ಶುರುವಾಗುತ್ತದೆ, ಅದನ್ನೂ ನೋಡಿಕೊಳ್ಳುವುದು ಅಮ್ಮನೇ. ಹುಡುಗನಿಗೆ ಗಡ್ಡ ಬರುತ್ತದೆ. ಐದನೇ ವಯಸ್ಸಿನಲ್ಲಿ ಎತ್ತಿಕೊಂಡು ಗುಡ್ಡ ಇಳಿದು ರಸ್ತೆಗೆ ತರುತ್ತಿದ್ದವನನ್ನು ಈಗ ಅರುವತ್ತು ದಾಟಿದ ತಾಯಿ ಮಂಚದಿಂದ ಎತ್ತಲಾರಳು. ದೊಡ್ಡವರ ದೇಹಕ್ಕೆ ಅಪಸ್ಮಾರದ ಮಾತ್ರೆಯ ಪ್ರಮಾಣ ಬೇರೆ, ಸೆಟೆದ ಕೀಲುಗಳ ನೋವು ಬೇರೆ. ಮಕ್ಕಳ ವೈದ್ಯರ ಹತ್ತಿರ ಹೋಗುತ್ತಿದ್ದವರಿಗೆ ಈಗ ನರರೋಗ ತಜ್ಞರು ಬೇಕು. ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 2020ರಲ್ಲಿ ಕೊರೋನಾ ಅಂತ ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗಲೂ ಇಲ್ಲಿನ ಜನ ದೊಡ್ಡ ಆಸ್ಪತ್ರೆಗೆ ಮಂಗಳೂರನ್ನೇ ನಂಬಿಕೊಂಡಿದ್ದರು.

2022ರ ಅಕ್ಟೋಬರಿನಲ್ಲಿ ಸಾಮಾಜಿಕ ಹೋರಾಟಗಾರ್ತಿ ದಯಾಬಾಯಿ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಉಪವಾಸ ಕೂತಾಗ ಕೇಳಿದ್ದು ಬರೀ ಹಣವನ್ನಲ್ಲ. ಎಂಡೋ ಪೀಡಿತರಿಗೆ ಊರೂರಲ್ಲಿ ಹಗಲು ಆರೈಕೆ ಕೇಂದ್ರ ಬೇಕು ಎಂಬುದೂ ಅವರ ಬೇಡಿಕೆಯಲ್ಲಿತ್ತು. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವ ಜಾಗ ಇದ್ದರೆ ಅಮ್ಮ ಕೆಲಸಕ್ಕೆ ಹೋಗಬಹುದು, ಬೆನ್ನಿಗೆ ವಿಶ್ರಾಂತಿ ಸಿಗುತ್ತದೆ. ಮುಳಿಯಾರಿನ ಪುನರ್ವಸತಿ ಗ್ರಾಮ ಒಳ್ಳೆಯದೇ. ಆದರೆ ಸ್ವರ್ಗದಿಂದ ಅಲ್ಲಿಗೆ ದಿನಾ ಹೋಗಿಬರಲು ಆಗುವುದಿಲ್ಲ. ಗುಡ್ಡದ ದಾರಿಗೆ ಬರುವ ಒಂದು ವ್ಯಾನ್, ನಲುವತ್ತು ವರ್ಷದವರನ್ನು ಎತ್ತಿ ಕೂರಿಸಬಲ್ಲ ಇಬ್ಬರು ಸಹಾಯಕರು, ತುಳು ಕನ್ನಡ ಗೊತ್ತಿರುವ ಥೆರಪಿಸ್ಟ್: ಒಂದೊಂದು ಪಂಚಾಯತಿಯೂ ತನ್ನ ಪಟ್ಟಿಯನ್ನು ವಯಸ್ಸಿನ ಪ್ರಕಾರ ಮತ್ತೆ ಬರೆದು ಇದನ್ನು ಲೆಕ್ಕ ಹಾಕಲು ಕೂರಬೇಕು, ಈ ವರ್ಷದ ಬಜೆಟ್ಟಿನಲ್ಲೇ.