ಪದ ಪರಿಚಯ: ಫಂಕ್ಷನಲ್ ಫುಡ್ ಮತ್ತು ಮಾವಿನ ಸಿಪ್ಪೆ

ಸಾಮಾನ್ಯ ಪೋಷಣೆಯ ಜೊತೆಗೆ ದೇಹದ ಯಾವುದಾದರೊಂದು ಕೆಲಸಕ್ಕೆ ವಿಶೇಷವಾಗಿ ನೆರವಾಗುವ ಆಹಾರವನ್ನು ‘ಫಂಕ್ಷನಲ್ ಫುಡ್’ ಎನ್ನುತ್ತಾರೆ. 1980ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಪರಿಕಲ್ಪನೆಗೆ 1991ರಲ್ಲಿ ಅಲ್ಲಿಯೇ ಕಾನೂನಿನ ಚೌಕಟ್ಟೂ ದೊರೆಯಿತು. ಇಂಥ ಆಹಾರಕ್ಕೆ ಬೇಕಾದ ನಾರಿನಂಶವನ್ನು ಹಣ್ಣಿನ ಕಾರ್ಖಾನೆಗಳು ಹೊರಹಾಕುವ ಕಸದಿಂದಲೇ ಪಡೆಯಬಹುದು ಎಂಬುದಕ್ಕೆ ಮಾವು ಒಳ್ಳೆಯ ನಿದರ್ಶನ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತ ಬೆಳೆಯುವ ತೋತಾಪುರಿ ತಳಿಯ ಮಾವಿನಲ್ಲಿ ಬಹುಪಾಲು ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ತಿರುಳು ಡಬ್ಬಿ ಸೇರಿದ ಮೇಲೆ ಸಿಪ್ಪೆ ಮತ್ತು ವಾಟೆ ಉಳಿಯುತ್ತವೆ. ಸಿಪ್ಪೆಯೊಂದೇ ಹಣ್ಣಿನ ತೂಕದ ಸುಮಾರು ಶೇ 15ರಿಂದ 20ರಷ್ಟು. ಒಣಗಿಸಿದ ಸಿಪ್ಪೆಯ ಹೆಚ್ಚುಕಡಿಮೆ ಅರ್ಧ ಭಾಗ, ಕೆಲವು ತಳಿಗಳಲ್ಲಿ ಅದಕ್ಕೂ ಹೆಚ್ಚು, ನಾರೇ ಆಗಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಒಣಸಿಪ್ಪೆಯ ಪುಡಿಯನ್ನು ಬಿಸ್ಕತ್ತಿಗೂ ಮ್ಯಾಕರೋನಿಗೂ ಬೆರೆಸಿ ಪರೀಕ್ಷಿಸಿದ್ದಾರೆ. ಬಿಸ್ಕತ್ತಿನಲ್ಲಿ ಶೇ 10ರವರೆಗೆ ಬೆರೆಸಿದರೆ ರುಚಿ ಒಪ್ಪಿಗೆಯಾಗುತ್ತದೆ. ಅದನ್ನು ಮೀರಿದರೆ ಬಣ್ಣ ಗಾಢವಾಗಿ, ಸಿಪ್ಪೆಯ ಕಹಿ ಎದ್ದು ಕಾಣತೊಡಗುತ್ತದೆ.

ದೇಹದ ತೂಕ ನಿಯಂತ್ರಣದೊಂದಿಗೆ ಸಿಪ್ಪೆಪುಡಿಗಿರುವ ನಂಟು ನೇರವಾದದ್ದಲ್ಲ. ಪಿಷ್ಟ ಗ್ರಾಂಗೆ 4 ಕಿಲೋಕ್ಯಾಲೊರಿ ಶಕ್ತಿ ನೀಡಿದರೆ ನಾರು ನೀಡುವುದು ಸುಮಾರು 2 ಮಾತ್ರ. ಆದ್ದರಿಂದ ಹಿಟ್ಟಿನ ಒಂದು ಪಾಲಿನ ಬದಲು ಸಿಪ್ಪೆಪುಡಿ ಸೇರಿಸಿದಾಗ ತಿಂಡಿಯ ಶಕ್ತಿಯ ಪ್ರಮಾಣ ಕೊಂಚ ತಗ್ಗುತ್ತದೆ. ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಕರಗುವ ನಾರು ನೀರು ಹೀರಿ ಲೋಳೆಯಂತಾಗಿ, ಆಹಾರ ಜಠರದಿಂದ ಕರುಳಿಗೆ ಇಳಿಯುವುದನ್ನು ನಿಧಾನಗೊಳಿಸುವುದರಿಂದ ಊಟದ ನಂತರ ರಕ್ತದ ಸಕ್ಕರೆ ಥಟ್ಟನೆ ಏರುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ, ಒಂದು ಊಟಕ್ಕೆ 10 ಗ್ರಾಂ ಪೆಕ್ಟಿನ್ ಸೇವಿಸಿದರೆ ಈ ಪರಿಣಾಮ ಉಂಟೆಂದು ಒಪ್ಪಿತು. ಆದರೆ ಪೆಕ್ಟಿನ್ ಹಸಿವು ತಣಿಸಿ ಒಟ್ಟು ಆಹಾರ ಸೇವನೆಯನ್ನು ತಗ್ಗಿಸುತ್ತದೆ ಎಂಬ ವಾದಕ್ಕೆ ಪುರಾವೆ ಸಾಲದೆಂದು ಅದೇ ವರ್ಷ ಹೇಳಿತು. ‘ಕೊಬ್ಬು ಕರಗಿಸುವ ಸಿಪ್ಪೆ’ ಎಂಬ ಜಾಹೀರಾತನ್ನು ನಂಬಬಾರದೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಪ್ರಮಾಣದ ಲೆಕ್ಕವನ್ನೂ ನೋಡಬೇಕು. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ 100 ಗ್ರಾಂ ಘನ ಆಹಾರದಲ್ಲಿ 6 ಗ್ರಾಂ ನಾರಿದ್ದರೆ ‘ನಾರಿನಂಶ ಅಧಿಕ’ ಎಂದು ಪೊಟ್ಟಣದ ಮೇಲೆ ಮುದ್ರಿಸಬಹುದು. ಅಂಥ ಬಿಸ್ಕತ್ತನ್ನು 40 ಗ್ರಾಂ ತಿಂದವರಿಗೆ ಸಿಗುವ ನಾರು 2.4 ಗ್ರಾಂ ಅಷ್ಟೆ. ಅದರೊಡನೆ ಬಿಸ್ಕತ್ತಿನ ಸಕ್ಕರೆ, ಕೊಬ್ಬು ಎರಡೂ ಹೊಟ್ಟೆ ಸೇರುತ್ತವೆ. ಈ ಪುಡಿಗೆ ಬಿಸ್ಕತ್ತಿಗಿಂತ ಚಪಾತಿ ಹಿಟ್ಟು, ಸಕ್ಕರೆ ಹಾಕದ ರಾಗಿ ಮಾಲ್ಟ್ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಪುಡಿ ತಯಾರಿಸುವುದೂ ಕಾಳಜಿಯ ಕೆಲಸ. ಹಸಿ ಸಿಪ್ಪೆಯಲ್ಲಿ ನೀರು ಮತ್ತು ಸಕ್ಕರೆ ಹೆಚ್ಚಾಗಿರುವುದರಿಂದ ಬೇಸಿಗೆಯ ಬಿಸಿಯಲ್ಲಿ ಅದು ಬಹುಬೇಗ ಹುಳಿಯುತ್ತದೆ. ಹಾಗಾಗಿ ಅದನ್ನು ಕಾರ್ಖಾನೆಯ ಪಕ್ಕದಲ್ಲೇ ತೊಳೆದು, ಕಂದು ಬಣ್ಣಕ್ಕೆ ತಿರುಗದಂತೆ ಬಿಸಿನೀರಿನಲ್ಲಿ ಅದ್ದಿ ತೆಗೆದು, ಹದವಾದ ಶಾಖದಲ್ಲಿ ಒಣಗಿಸಿ, ಬೀಸಿ ಜರಡಿ ಹಿಡಿಯಬೇಕು. ತೋಟದಲ್ಲಿ ಸಿಂಪಡಿಸಿದ ಕೀಟನಾಶಕದ ಉಳಿಕೆ ಹೆಚ್ಚಾಗಿ ಸಿಪ್ಪೆಯ ಮೇಲೆಯೇ ನಿಲ್ಲುತ್ತದೆ. ಆದುದರಿಂದ ಪ್ರತಿ ಬಾರಿ ತಯಾರಿಸಿದ ಪುಡಿಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬಳಿಕವೇ ಆಹಾರಕ್ಕೆ ಬಳಸತಕ್ಕದ್ದು.